ಖಾರವಿಲ್ಲದ ಬಟ್ಟಲು

ಶಕ್ತಿನಗರದ ತಿರುವಿನಲ್ಲಿ ಮೀನು ಮಾರುವ ಅಕ್ಕುವಿನ ಹತ್ತಿರ ಬರೀ ಮೀನು ಕೊಂಡು ಹೋದವರು ಯಾರೂ ಇಲ್ಲ. ಮೀನಿನ ಜೊತೆ ಅದಕ್ಕೆ ಯಾವ ಮಸಾಲೆ ಎಂಬ ಉಪದೇಶವನ್ನೂ ಕೇಳಿಸಿಕೊಂಡೇ ಹೋಗಬೇಕು. ಬಂಗುಡೆಗೆ ಹುಳಿ-ಮೆಣಸಿನ ಪುಳಿಮುಂಚಿ, ಬೂತಾಯಿಗೆ ಶುಂಠಿ ಜಾಸ್ತಿ, ಕಾಣೆಗೆ ಬರೀ ಉಪ್ಪು ಮೆಣಸು ಹಚ್ಚಿ ಕಾವಲಿಗೆ ಹಾಕಬೇಕು, ಮರುವಾಯಿ ಚಿಪ್ಪಿಗೆ ಕಾಯಿ ಹುರಿದು ಸುಕ್ಕ ಮಾಡಬೇಕು. "ಅಂಜಲ್ ಮೀನಿಗೆ ಅಷ್ಟು ಹುಳಿ ಸುರಿದು ಕೊಲ್ಲಬೇಡಿ ಮಾರಾಯ್ರೆ, ಅದು ಒಂದು ಸಲ ಸತ್ತದ್ದು ಸಾಕು" ಎಂದು ಗಿರಾಕಿಯ ಮುಖಕ್ಕೇ ಹೇಳುವ ಹೆಂಗಸು. ಯಾರೋ ಹೊಸದಾಗಿ ಫ್ಲ್ಯಾಟಿಗೆ ಬಂದವರು ಮಾಂಜಿಗೆ ಟೊಮೆಟೊ ಸಾಸ್ ಹಾಕುತ್ತೇನೆ ಎಂದದ್ದಕ್ಕೆ, ತೂಗಿದ ಮೀನನ್ನು ವಾಪಸು ಬುಟ್ಟಿಗೆ ಹಾಕಿಕೊಂಡದ್ದೂ ಉಂಟು. ವ್ಯಾಪಾರ ಹೋದರೆ ಹೋಗಲಿ, ಮೀನಿನ ಮಾನ ಹೋಗಬಾರದು!

ಅಕ್ಕು ಹುಟ್ಟಿದ್ದು ಉಳ್ಳಾಲದಲ್ಲಿ, ಮೊಗವೀರರ ಮನೆಯಲ್ಲಿ. ಹತ್ತೊಂಬತ್ತಕ್ಕೆ ಬೋಳಾರದ ಗಿರಿಯಪ್ಪನನ್ನು ಮದುವೆಯಾಗಿ ಹೊಳೆ ದಾಟಿ ಬಂದಳು. ಗಂಡ ಬೋಟಿಗೆ ಹೋದ, ಎಂಟು ವರ್ಷದ ಮೇಲೆ ಹೆಂಡತಿಯೂ ಬೆಳಕು ಹರಿಯುವ ಮೊದಲೇ ಬೋಟುಗಳು ಬರುವ ಧಕ್ಕೆಗೆ ಹೋಗಿ ಮೀನು ಕೊಂಡು ಶಕ್ತಿನಗರಕ್ಕೆ ಹೊರಟಳು. ಮೂವತ್ತೊಂದು ವರ್ಷ ಅದೇ ತಿರುವು, ಅದೇ ಮರದ ಮಣೆ. ಮಗ ರಂಜಿತ್‌ನನ್ನು ಓದಿಸಿದಳು. ಅವನು ಈಗ ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಸೊಸೆ ವಿಜೇತಾ ಒಳ್ಳೆಯ ಹುಡುಗಿ, ಅತ್ತೆಯ ಬಾಯಿಗೆ ಹೆದರುವುದಿಲ್ಲ. ಅದೇ ಅವಳ ಒಳ್ಳೆಯತನ.

ಗಿರಿಯಪ್ಪನಿಗೆ ಕಣ್ಣಲ್ಲಿ ನೀರು ಬರಿಸದ ಸಾರು ಸಾರೇ ಅಲ್ಲ. ಅಂಥವನಿಗೆ ಕಳೆದ ವರ್ಷ ಕೆನ್ನೆಯ ಒಳಗೆ ಒಂದು ಹುಣ್ಣಾಯಿತು. ನಲವತ್ತು ವರ್ಷ ಹೊಗೆಸೊಪ್ಪು ಇಟ್ಟ ಜಾಗ. ಆಪರೇಷನ್ ಆಯಿತು, ಆಮೇಲೆ ಮೂವತ್ಮೂರು ಸಲ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಹುಣ್ಣು ಹೋಯಿತು, ದೇವರು ದೊಡ್ಡವನು. ಆದರೆ ಹುಣ್ಣಿನ ಜೊತೆ ಬಾಯಿಯೂ ಹೋದಂತಾಯಿತು. ಒಳಗೆಲ್ಲ ಸುಲಿದು ಕೆಂಪಾಗಿ, ನೀರು ತಾಗಿದರೂ ಉರಿ. ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತದೆ. ಏನು ಕೊಟ್ಟರೂ "ಬೇಡ". ಹಾಲು ಬೇಡ, ಗಂಜಿ ಬೇಡ, ಆಸ್ಪತ್ರೆಯ ಡಬ್ಬಿಯ ಪುಡಿ ಅಂತೂ ಬೇಡವೇ ಬೇಡ. ಬಲೆ ಎಳೆದ ತೋಳು ಒಣಗಿದ ತೆಂಗಿನ ಕೊತ್ತಳಿಗೆಯ ಹಾಗೆ ಆಯಿತು.

ಹೋದ ಸಲ ತೂಕ ನೋಡಿದ ಡಾಕ್ಟರಮ್ಮ ಅಕ್ಕುವನ್ನು ಬದಿಗೆ ಕರೆದು ಹೇಳಿದ್ದರು: ಬರುವ ಸೋಮವಾರ ಮತ್ತೆ ತೂಗುತ್ತೇನೆ, ಇನ್ನೂ ಇಳಿದಿದ್ದರೆ ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಲೇಬೇಕು. ಎಷ್ಟು ಮೆಲ್ಲ ಹೇಳಿದರೂ ಗಿರಿಯಪ್ಪನ ಕಿವಿಗೆ ಅದು ಬಿತ್ತು. ಕಿವಿಗೆ ಯಾವ ಕರೆಂಟೂ ಕೊಟ್ಟಿರಲಿಲ್ಲವಲ್ಲ!

"ಮೂಗುದಾರ ಹಾಕಲಿಕ್ಕೆ ನಾನೇನು ಎತ್ತಾ?" ಎಂದ ಆಟೋದಲ್ಲಿ. ಟ್ಯೂಬ್ ಹಾಕಿದ ದಿನ ಈ ಮನುಷ್ಯ ಗೋಡೆಯ ಕಡೆ ತಿರುಗಿ ಮಲಗಿದರೆ ಮತ್ತೆ ಈ ಕಡೆ ತಿರುಗುವುದಿಲ್ಲ ಎಂಬುದು ಅಕ್ಕುವಿಗೆ ಗೊತ್ತಿತ್ತು. ಮೂವತ್ತೊಂಬತ್ತು ವರ್ಷ ಜೊತೆಯಲ್ಲಿ ಬಾಳಿದವಳಿಗೆ ಅಷ್ಟೂ ಗೊತ್ತಾಗದಿರುತ್ತದೆಯೇ? ಅವಳು ಮೀನಿಗೆ ಹೋಗುವುದನ್ನೇ ಬಿಟ್ಟಳು.

ಶುಕ್ರವಾರ ಸಂಜೆ ವಿಜೇತಾ ಮಾವನ ಹತ್ತಿರ ಕುಳಿತು ಮೊಬೈಲ್ ತೋರಿಸುತ್ತಿದ್ದಳು. ಯಾವುದೋ ದೇಶದವನು ದೊಡ್ಡ ಲಾಬ್‌ಸ್ಟರ್ ಮುರಿದು, ಆರು ಸಣ್ಣ ಬಟ್ಟಲುಗಳಲ್ಲಿ ಒಂದೊಂದೇ ಸಾಸಿಗೆ ಅದ್ದಿ ಅದ್ದಿ ತಿನ್ನುತ್ತಿದ್ದ. ಗಿರಿಯಪ್ಪ ತುಂಬ ಹೊತ್ತು ನೋಡಿದ.

"ಎಷ್ಟು ಹಿಡಿದಿದ್ದೇನೆ ಅದನ್ನು," ಎಂದ. "ಒಂದು ಕಾಲಾದರೂ ಬಾಯಿಗೆ ಹಾಕಿದವನಲ್ಲ. ಒಮ್ಮೆ ತಿನ್ನಬೇಕಿತ್ತು."

ಅಡುಗೆಮನೆಯಲ್ಲಿದ್ದ ಅಕ್ಕು ಒಲೆ ಆರಿಸಿ ಬಾಗಿಲಿಗೆ ಬಂದಳು. ಒಂದೂವರೆ ತಿಂಗಳಲ್ಲಿ ಈ ಬಾಯಿಂದ "ತಿನ್ನಬೇಕು" ಎಂಬ ಮಾತು ಬಂದದ್ದು ಇದೇ ಮೊದಲು.

ಕಡಲಿನವರ ಮನೆಯಲ್ಲಿ ಲಾಬ್‌ಸ್ಟರ್ ಬೇಯಿಸಿದ್ದನ್ನು ನೀವು ಕಂಡಿದ್ದೀರಾ? ಇಲ್ಲ. ಬಲೆಗೆ ಬಿದ್ದರೆ ಅದು ಜೀವಂತ ಇರುವಾಗಲೇ ಕಂಪೆನಿಯವರ ಪೆಟ್ಟಿಗೆಗೆ ಹೋಗುತ್ತದೆ, ಅಲ್ಲಿಂದ ವಿಮಾನ ಹತ್ತುತ್ತದೆ. ಹಿಡಿದವನು ಮನೆಗೆ ಬಂದು ಬೂತಾಯಿ ಉಣ್ಣುತ್ತಾನೆ. ಹಾಗಾಗಿ ಸಮುದ್ರದ ಸಕಲ ಜೀವಕ್ಕೂ ಮಸಾಲೆ ಹೇಳಬಲ್ಲ ಅಕ್ಕುವಿಗೆ, ಇದೊಂದಕ್ಕೆ ಏನು ಜೊತೆ ಎಂಬುದು ಗೊತ್ತಿರಲಿಲ್ಲ. ಗೊತ್ತಿದ್ದರೂ ಪ್ರಯೋಜನವಿರಲಿಲ್ಲ ಬಿಡಿ. ಅವಳಿಗೆ ಗೊತ್ತಿದ್ದದ್ದೆಲ್ಲ ಮೆಣಸಿನಿಂದಲೇ ಶುರುವಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಧಕ್ಕೆಗೆ ಹೋಗಿ, ಕಂಪೆನಿಯವನ ಪೆಟ್ಟಿಗೆಗೆ ಅಡ್ಡ ನಿಂತು, "ಇವತ್ತು ಒಂದು ನನಗೆ, ಮಾತಿಲ್ಲ" ಎಂದು ಒಂದನ್ನು ಎತ್ತಿಕೊಂಡಳು. ಅವಳ ಮುಖ ನೋಡಿ ಅವನು ಕೊಟ್ಟ ದುಡ್ಡು ತೆಗೆದುಕೊಂಡು ಬದಿಗೆ ಸರಿದ. ಮೊಳದುದ್ದ ಮೀಸೆಯ ಆ ಪ್ರಾಣಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬಚ್ಚಲಿನ ತಂಪಿನಲ್ಲಿಟ್ಟು, ನೇರ ಶಕ್ತಿನಗರದ ಪಿಯುಸನ ಮನೆಗೆ ಹೋದಳು.

ಪಿಯುಸ್ ಇಪ್ಪತ್ತಾರು ವರ್ಷ ಮಸ್ಕತ್ತಿನ ಹೋಟೆಲಿನಲ್ಲಿ ಅಡುಗೆ ಮಾಡಿ ಬಂದವನು. ಅವನ ಹೆಂಡತಿ ವಿನಿಫ್ರೆಡ್ ನಿವೃತ್ತ ಟೀಚರ್, ಅಕ್ಕುವಿನ ಮೊದಲ ವರ್ಷದ ಗಿರಾಕಿ. ಈ ಹೆಂಗಸರಿಬ್ಬರೂ ಮೂವತ್ತು ವರ್ಷದಿಂದ ಮೀನಿನ ಮೇಲೆ ಜಗಳವಾಡಿ ಗಟ್ಟಿ ಸ್ನೇಹಿತೆಯರಾಗಿದ್ದರು.

"ಪೊರ್ಬುಗಳೇ, ಲಾಬ್‌ಸ್ಟರಿಗೆ ಅದ್ದಿಕೊಳ್ಳಲಿಕ್ಕೆ ಎಂತ ಮಾಡ್ತಾರೆ?" ಎಂದು ಅಕ್ಕು ಬಾಗಿಲಲ್ಲೇ ಪಿಯುಸನನ್ನು ಕೇಳಿದಳು.

ಪಿಯುಸನಿಗೆ ಸ್ವರ್ಗವೇ ಸಿಕ್ಕಿತು. ಊರಿಗೆ ಬಂದ ಮೇಲೆ ಅವನನ್ನು ಯಾರೂ ಅಡುಗೆಯ ಬಗ್ಗೆ ಒಂದು ಮಾತು ಕೇಳಿರಲಿಲ್ಲ, ಹೆಂಡತಿ ಅಡುಗೆಮನೆಗೆ ಬಿಟ್ಟಿರಲೂ ಇಲ್ಲ. ಅವನು ಅಂಗಿಯ ತೋಳು ಮಡಚಿ, ಅರ್ಧ ಗಂಟೆಯಲ್ಲಿ ಐದು ಬಟ್ಟಲು ಸಾಲಾಗಿ ಇಟ್ಟ. ವಿನಿಫ್ರೆಡ್ ಕನ್ನಡಕ ಏರಿಸಿ, ಡಾಕ್ಟರಮ್ಮ ಬೇಡವೆಂದದ್ದನ್ನು ವಿಜೇತಾ ಬರೆದುಕೊಟ್ಟ ಚೀಟಿಯನ್ನು ಹಿಡಿದು, ಎದುರು ಕುಳಿತಳು. ಪೇಪರ್ ತಿದ್ದಿದ ಕೈ ಅದು, ಯಾರನ್ನೂ ಸುಮ್ಮನೆ ಪಾಸ್ ಮಾಡುವುದಿಲ್ಲ.

"ಇದು ಬೆಣ್ಣೆ-ಬೆಳ್ಳುಳ್ಳಿ," ಎಂದ ಪಿಯುಸ್.

"ಬೆಳ್ಳುಳ್ಳಿ ಉರೀತದೆ. ತೆಗಿ."

"ಇದು ಲಿಂಬೆಹುಳಿದ್ದು."

"ಹುಳಿ! ಹುಣ್ಣಿನ ಬಾಯಿಗೆ ಲಿಂಬೆಯಾ? ಸಾಯ್ಬಾ ಭೊಗೊಸ್, ದೇವರೇ ಕ್ಷಮಿಸು! ತೆಗಿ."

ಮಯೊನೀಸಿನಲ್ಲಿ ವಿನೆಗರ್ ಇತ್ತು, ಹಳದಿ ಬಣ್ಣದ್ದರಲ್ಲಿ ಸಾಸಿವೆ ಇತ್ತು, ಹಸಿರು ಚಟ್ನಿಯ ಬಗ್ಗೆ ಹೇಳುವುದೇ ಬೇಡ. ಕೊನೆಗೆ ಬೆಳ್ಳುಳ್ಳಿ ತೆಗೆದ ಬರೀ ಕರಗಿದ ಬೆಣ್ಣೆ ಉಳಿಯಿತು. ಪಿಯುಸ್ ಬಟ್ಟಲನ್ನು ನೋಡಿ ನಿಟ್ಟುಸಿರು ಬಿಟ್ಟ. "ಇದು ಸಾಸ್ ಅಲ್ಲ ಮಾರಾಯ್ತಿ, ಗುಡ್ ಫ್ರೈಡೇ ಉಪವಾಸ."

ಅಕ್ಕುವಿಗೆ ನಗು ಬಂತು, ನಗುತ್ತಲೇ ಅಳುವೂ ಬಂತು. ವಿನಿಫ್ರೆಡ್ ಅವಳ ಬೆನ್ನು ಸವರಿದಳು.

ಗುಡ್ ಫ್ರೈಡೇ ಬಟ್ಟಲನ್ನೇ ಮನೆಗೆ ತಂದು, ಒಂದು ಚಮಚ ಗಂಜಿಯ ಮೇಲೆ ಹಾಕಿ ಕೊಟ್ಟು ನೋಡಿದಳು. ಗಿರಿಯಪ್ಪ ಬಾಯಿಗೆ ಹಾಕಿ, ಮುಖ ಕಿವುಚಿ, ಬಟ್ಟೆಗೆ ಉಗಿದ. "ಇಂಜಿನ್ನಿನ ಎಣ್ಣೆ ಕುಡಿದ ಹಾಗೆ ಆಗ್ತದೆ."

ಆಗ ಅಕ್ಕುವಿಗೆ ಹೊಳೆದದ್ದು ತೆಂಗಿನಕಾಯಿ. ಅಯ್ಯೋ ಮಂಡೆಯೇ, ಹಿತ್ತಲಿನಲ್ಲಿ ತೆಂಗಿನಮರ ಇಟ್ಟುಕೊಂಡು ಊರೆಲ್ಲ ತಿರುಗಿದೆನಲ್ಲ! ಕಾಯಿಹಾಲಿನಲ್ಲಿ ಉರಿಯುವಂಥದ್ದು ಏನುಂಟು? ಹುಳಿಯಿಲ್ಲ, ಖಾರವಿಲ್ಲ, ಮೈಗೂ ಹಿಡಿಯುತ್ತದೆ. ಮಿಕ್ಸಿಯ ಮೇಲೆ ಅವಳಿಗೆ ನಂಬಿಕೆಯಿಲ್ಲ, ಅದರಲ್ಲಿ ಕಾಯಿ ಹರಿಯುತ್ತದೆಯೇ ಹೊರತು ಅರೆಯುವುದಿಲ್ಲ ಎಂಬುದು ಅವಳ ಮತ. ಮದುವೆಯಾಗಿ ಬಂದಂದಿನಿಂದ ಬಳಸಿದ ಕಡೆಯುವ ಕಲ್ಲನ್ನು ಬಿಸಿನೀರು ಹಾಕಿ ಏಳು ಸಲ ತೊಳೆದಳು. ಕಾಯಿ ಹೆರೆದು, ಬೆಣ್ಣೆಯಂತೆ ಕಡೆದು, ಹಿಂಡಿ ದಪ್ಪ ಹಾಲು ತೆಗೆದಳು. ಒಂದು ಚಿಟಿಕೆ ಉಪ್ಪು ಹಾಕಿದಳು. ತಾನೇ ನೆಕ್ಕಿ ನೋಡಿದಳು. ಮಗುವಿಗೂ ಕೊಡಬಹುದಾದಷ್ಟು ಮೃದುವಾಗಿತ್ತು.

ಒಂದೇ ಚಮಚ. ಗಿರಿಯಪ್ಪನ ಕಣ್ಣು ಅಗಲವಾಯಿತು, ಕುತ್ತಿಗೆಯ ನರ ಎದ್ದಿತು, ಎರಡೂ ಕೈಯಲ್ಲಿ ಕೆನ್ನೆ ಹಿಡಿದುಕೊಂಡ. ಕೂಗಲಿಕ್ಕೂ ಬಾಯಿ ತೆರೆಯಬೇಕಲ್ಲ, ಅದೂ ಆಗಲಿಲ್ಲ. ಕಣ್ಣಿಂದ ನೀರು ಸುಮ್ಮನೆ ಇಳಿಯಿತು. ಆಮೇಲೆ ಅವನು ಹೆಂಡತಿಯ ಕಡೆ ನೋಡಲಿಲ್ಲ. ಆ ಸಂಜೆ ಮಗ ಕರೆದರೂ, ಸೊಸೆ ಹಾಲು ತಂದರೂ ತುಟಿ ತೆರೆಯಲಿಲ್ಲ.

ಅಕ್ಕುವಿಗೆ ಏನೂ ಅರ್ಥವಾಗಲಿಲ್ಲ. ಮತ್ತೆ ನೆಕ್ಕಿದಳು, ವಿಜೇತಾಳಿಗೆ ನೆಕ್ಕಿಸಿದಳು, ರಂಜಿತನಿಗೂ ನೆಕ್ಕಿಸಿದಳು. ಯಾರಿಗೂ ಏನೂ ತಾಗಲಿಲ್ಲ. ಕಾಯಿಹಾಲೂ ಉರಿದರೆ ಇನ್ನು ಲೋಕದಲ್ಲಿ ಉರಿಯದ್ದು ಏನುಂಟು? ಸೋಮವಾರಕ್ಕೆ ಉಳಿದದ್ದು ಒಂದೇ ದಿನ.

ಭಾನುವಾರ ಬೆಳಿಗ್ಗೆ ಉಳಿದ ಕಾಯಿಹಾಲನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಮತ್ತೆ ಶಕ್ತಿನಗರಕ್ಕೆ ಬಂದಳು. ವಿನಿಫ್ರೆಡ್ ಆಗಷ್ಟೇ ಪೂಜೆ ಮುಗಿಸಿ ಚರ್ಚಿನಿಂದ ಬಂದಿದ್ದಳು. ಅವಳಿಗೆ ಹೊಟ್ಟೆಯ ಅಲ್ಸರ್, ಎರಡು ವರ್ಷದಿಂದ ಮೆಣಸು ಮುಟ್ಟಿದವಳಲ್ಲ. ಡಬ್ಬಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡವಳೇ ಹುಬ್ಬು ಗಂಟಿಕ್ಕಿದಳು.

"ಇದನ್ನು ಯಾವುದರಲ್ಲಿ ಕಡೆದೆ ಅಕ್ಕು?"

"ನನ್ನ ಕಲ್ಲಲ್ಲಿ. ಏಳು ಸಲ ತೊಳೆದಿದ್ದೇನೆ ಬಾಯಮ್ಮ!"

"ಎಪ್ಪತ್ತು ಸಲ ತೊಳೆದ್ರೂ ಎಂತ ಆಗ್ತದೆ? ನಲವತ್ತು ವರ್ಷ ಮೆಣಸು ಕುಡಿದ ಕಲ್ಲು ಅದು. ನಿಮ್ಮ ಮನೆಯವರ ನಾಲಿಗೆಗೆ ಅದು ಗೊತ್ತಾಗುವುದಿಲ್ಲ. ನನಗೆ ಗೊತ್ತಾಗ್ತದೆ. ಅವನಿಗೆ ಕೆಂಡ ಇಟ್ಟ ಹಾಗೆ ಆಗಿರ್ತದೆ."

ಅಕ್ಕು ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ಯಾವ ಕಲ್ಲಿನ ಮಸಾಲೆಗೆ ಬೋಳಾರದಲ್ಲೇ ಹೆಸರಿತ್ತೋ, ಅದೇ ಕಲ್ಲು ಗಂಡನ ಬಾಯಿ ಸುಟ್ಟಿತ್ತು. "ನಾನೇ ಅವರಿಗೆ ಉರಿ ಹಚ್ಚಿದೆ ಬಾಯಮ್ಮ," ಎಂದಳು. "ನನ್ನ ಕೈಯಾರೆ."

"ಅಳಲಿಕ್ಕೆ ಆಮೇಲೆ ಟೈಮ್ ಉಂಟು. ಏಳು."

ವಿನಿಫ್ರೆಡ್ ಕಪಾಟಿನ ಮೇಲಿಂದ ಹಳೆಯ ದಿಂಬಿನ ಚೀಲದಲ್ಲಿ ಸುತ್ತಿಟ್ಟ ಒಂದು ಮಿಕ್ಸಿ ಜಾರ್ ಇಳಿಸಿದಳು. ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಗೆ ಮಾತ್ರ ಹೊರಬರುವ ಜಾರ್ ಅದು. ಸಕ್ಕರೆ, ಕಾಯಿ, ಎಳ್ಳು ಬಿಟ್ಟು ಬೇರೆ ಯಾವುದೂ ಅದನ್ನು ಮುಟ್ಟಿದ್ದಿಲ್ಲ. ಗಂಡ ಒಮ್ಮೆ ಅದರಲ್ಲಿ ಜೀರಿಗೆ ಹಾಕಲು ಹೋದದ್ದಕ್ಕೆ ಅವಳು ಎರಡು ದಿನ ಅವನ ಹತ್ತಿರ ಮಾತು ಬಿಟ್ಟಿದ್ದಳು. ಪಿಯುಸ್ ಕಾಯಿ ಒಡೆದ, ಅಕ್ಕು ಹೆರೆದಳು, ವಿನಿಫ್ರೆಡ್ ಹೊಸ ಬಿಳಿ ಬಟ್ಟೆ ತಂದು ಹಿಂಡಿದಳು.

"ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರಕ್ಕೆ ಹುಡುಗ ಹುಡುಗಿಯ ತಲೆಗೆ ಹೊಯ್ಯಲಿಕ್ಕೆ ನಾವು ಹೀಗೆಯೇ ಹಾಲು ತೆಗೆಯುವುದು," ಎಂದಳು ಹಿಂಡುತ್ತಾ. "ನಿನ್ನ ಗಂಡ ಮದುಮಗ ಆದ, ನೋಡು."

"ಆಗಲಿ," ಎಂದಳು ಅಕ್ಕು, ಕಣ್ಣೊರೆಸಿಕೊಂಡು. "ಆ ಮುದುಕನಿಗೆ ಅದೊಂದು ಬಾಕಿ ಇತ್ತು."

ಆಟೋದಲ್ಲಿ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬೋಳಾರದವರೆಗೂ ಡ್ರೈವರನಿಗೆ ಬೈದಳು. ರಸ್ತೆಯ ಒಂದೊಂದು ಉಬ್ಬಿಗೂ ಒಂದೊಂದು ಬೈಗುಳ. ಇಳಿಯುವಾಗ ಅವನು, "ಅಮ್ಮಾ, ಅದರಲ್ಲಿ ಚಿನ್ನ ಉಂಟಾ?" ಎಂದು ಕೇಳಿದ. "ಚಿನ್ನ ಯಾರಿಗೆ ಬೇಕು ಮಾರಾಯ," ಎಂದು ಒಳಗೆ ಓಡಿದಳು.

ಪಿಯುಸ್ ಹೇಳಿಕೊಟ್ಟ ಹಾಗೆ ಹೊಸ ಪಾತ್ರೆಯಲ್ಲಿ ಲಾಬ್‌ಸ್ಟರ್ ಬೇಯಿಸಿದಳು. ಚಿಪ್ಪು ಕೆಂಪಾಯಿತು. ಒಡೆದು, ಬಿಳಿ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ, ಅಗಿಯುವ ಕೆಲಸವೇ ಇಲ್ಲದಷ್ಟು ಸಣ್ಣಗೆ ಹಿಸುಕಿದಳು. ಬಟ್ಟಲಿನಲ್ಲಿ ಬೆಚ್ಚಗಿನ ಕಾಯಿಹಾಲು ಹಾಕಿ ಅದರಲ್ಲಿ ಅದ್ದಿ ಗಂಡನ ಮುಂದೆ ಹಿಡಿದಳು.

ಗಿರಿಯಪ್ಪ ಬಟ್ಟಲನ್ನು ನೋಡಿದ. ಹೆಂಡತಿಯ ಮುಖವನ್ನೂ ನೋಡಿದ. ನಿನ್ನೆ ಸುಟ್ಟ ಬಾಯಿ ಅದು. ಹೆದರಿಕೆಯಿಂದಲೇ ಎರಡು ಬೆರಳಿನಷ್ಟು ತೆರೆದ.

ಮೊದಲ ಚಮಚ ಒಳಗೆ ಹೋಯಿತು. ಅಕ್ಕು ಅವನ ಕುತ್ತಿಗೆಯ ನರವನ್ನೇ ನೋಡುತ್ತಿದ್ದಳು. ಅದು ಏಳಲಿಲ್ಲ. ಎರಡನೆಯದೂ ಹೋಯಿತು. ಮೂರನೆಯದೂ.

"ಹೇಗುಂಟು?" ಎಂದಳು.

ಗಿರಿಯಪ್ಪ ತುಟಿ ಒರೆಸಿಕೊಂಡ. ಸುಳ್ಳು ಹೇಳಬಹುದಿತ್ತು. ಆದರೆ ಅವನಿಗೆ ಆ ವಿದ್ಯೆ ಬರುತ್ತಿರಲಿಲ್ಲ.

"ಉರಿಯುವುದಿಲ್ಲ ಅಕ್ಕು," ಎಂದ. "ಆದರೆ ರುಚಿ ಎಂತದೂ ಗೊತ್ತಾಗುವುದಿಲ್ಲ. ಹತ್ತಿ ನುಂಗಿದ ಹಾಗೆ. ಯಾವುದು ತಿಂದ್ರೂ ಹಾಗೆಯೇ, ಕರೆಂಟು ಕೊಟ್ಟ ಮೇಲೆ. ಹೇಳಿದ್ರೆ ನಿನಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲ. ನೀನು ಎರಡು ದಿನ ಓಡಾಡಿದ್ದಿ, ಅದಕ್ಕೆ ತಿಂದೆ."

ಅಕ್ಕು ಚಮಚ ಕೆಳಗಿಟ್ಟಳು. ಖಾರ ತೆಗೆದರೆ ತಿನ್ನುತ್ತಾನೆ ಎಂದುಕೊಂಡಿದ್ದಳು, ಪೆದ್ದು ಹೆಂಗಸು. ಅವನು ಒಂದೂವರೆ ತಿಂಗಳಿಂದ ಹಟ ಮಾಡಿದ್ದಲ್ಲ. ಹಸಿವಿದ್ದೂ ಹತ್ತಿ ನುಂಗಲಾರದೆ ಸುಮ್ಮನೆ ಮಲಗಿದ್ದ. ಬಟ್ಟಲಲ್ಲಿ ಇನ್ನೂ ಮುಕ್ಕಾಲು ಭಾಗ ಉಳಿದಿತ್ತು.

"ನೀನು ತಿನ್ನು," ಎಂದ ಗಿರಿಯಪ್ಪ.

"ನನಗೆಂತಕ್ಕೆ? ನಾಳೆ ತೂಕ ಉಂಟು. ಒಂದು ಎಳೆಯೂ ಬಿಡದೆ ನೀವೇ ತಿನ್ನಬೇಕು."

"ನೀನೂ ತಿಂದವಳಲ್ಲವಲ್ಲ. ತಿಂದು ಹೇಗುಂಟು ಹೇಳು. ಇಲ್ಲದಿದ್ರೆ ನನಗೂ ಬೇಡ." ಅವನು ತುಟಿ ಮುಚ್ಚಿದ.

ಹಟಮಾರಿ ಮುದುಕ! ಅಕ್ಕು ಬೆರಳ ತುದಿಯಷ್ಟು ಮಾಂಸವನ್ನು ಕಾಯಿಹಾಲಿನಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡಳು. ಮೆಣಸಿಲ್ಲದ ಮೀನು ಎಂದರೆ ಅವಳ ಲೆಕ್ಕದಲ್ಲಿ ಆಸ್ಪತ್ರೆಯ ಮೀನು. ಕಣ್ಣು ಮುಚ್ಚಿ ಅಗಿದಳು.

"ಎಟ್ಟಿ ಸಿಗಡಿಯ ಹಾಗೆ ಉಂಟು," ಎಂದಳು. ಮತ್ತೆ ಅಗಿದಳು. "ಅಲ್ಲ, ಎಟ್ಟಿ ಇಷ್ಟು ಸಿಹಿ ಇರುವುದಿಲ್ಲ. ಇದು ಸಿಹಿ ಉಂಟು ಮಾರಾಯ್ರೆ. ಸಕ್ಕರೆಯ ಸಿಹಿ ಅಲ್ಲ. ಎಳನೀರಿನ ಒಳಗಿನ ತಿರುಳು ಉಂಟಲ್ಲ, ಹಾಗೆ. ಮೊದಲು ಕಾಯಿಹಾಲು ಸಿಗ್ತದೆ, ಅದು ಇಳಿದ ಮೇಲೆ ಇದರದ್ದು ಬರ್ತದೆ, ಮೆಲ್ಲ."

"ಮತ್ತೆ?"

"ಕೊನೆಗೆ ಸ್ವಲ್ಪ ಉಪ್ಪುನೀರು. ಬಂಡೆಯ ಹತ್ತಿರದ ವಾಸನೆ."

"ಸೋಮೇಶ್ವರದ ಬಂಡೆಯದ್ದಾ?" ಗಿರಿಯಪ್ಪ ಸ್ವಲ್ಪ ಎದ್ದು ಕುಳಿತ. "ಬೆಳಿಗ್ಗೆ ಅಲೆ ಹಿಂದೆ ಹೋದಾಗ ಪಾಚಿ ವಾಸನೆ ಬರ್ತದಲ್ಲ, ಅದಾ?"

"ಅದೇ. ಪಾಚಿಯದ್ದೇ." ಅಕ್ಕು ಮಾತಾಡುತ್ತಲೇ ಚಮಚ ಮುಂದೆ ಮಾಡಿದಳು. ಅವನು ಕೇಳುತ್ತಲೇ ಬಾಯಿ ತೆರೆದ. "ಬಾಲದ ಕಡೆಯದ್ದು ಹೆಚ್ಚು ಸಿಹಿ. ತಲೆಯ ಹತ್ತಿರದ್ದಕ್ಕೆ ಸ್ವಲ್ಪ ತುಪ್ಪದ ಹಾಗೆ ಎಂತದೋ ಉಂಟು. ಇಗೊಳ್ಳಿ, ಈಗ ಅದು." ಅವನು ನುಂಗಿದ. "ಈಗ ಕಾಯಿಹಾಲು ಮಾತ್ರ. ಅದರಲ್ಲಿ ಇದರ ರಸ ಇಳಿದಿದೆ."

ತನಗೊಂದು ಎಳೆ, ಅವನಿಗೊಂದು ಚಮಚ. ಹೇಳಲು ತಿನ್ನಬೇಕಿತ್ತು, ತಿನ್ನಿಸಲು ಹೇಳಬೇಕಿತ್ತು. ಅಕ್ಕುವಿನ ಕಣ್ಣಿಂದ ಧಾರೆ ಇಳಿಯುತ್ತಿತ್ತು, ಬಾಯಿ ಮಾತ್ರ ನಿಲ್ಲಲಿಲ್ಲ. ಬಾಗಿಲಲ್ಲಿ ನಿಂತಿದ್ದ ವಿಜೇತಾ ಸದ್ದಿಲ್ಲದೆ ಒಳಗೆ ಹೋಗಿ, ಗಂಜಿಗೆ ಕಾಯಿಹಾಲು ಬೆರೆಸಿ ಇನ್ನೊಂದು ಬಟ್ಟಲು ತಂದಿಟ್ಟಳು. ಅಕ್ಕು ಗಂಜಿಯ ರುಚಿಯನ್ನೂ ಹೇಳಿದಳು. ಗಂಜಿಗೆ ಅಷ್ಟೊಂದು ರುಚಿ ಇದೆ ಎಂದು ಅವಳಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ಬಟ್ಟಲೂ ಖಾಲಿಯಾಯಿತು.

ಸೋಮವಾರ ಆಸ್ಪತ್ರೆಯ ತೂಕದ ಯಂತ್ರ ಹಳೆಯ ಅಂಕಿಯನ್ನೇ ತೋರಿಸಿತು. ಏರಲಿಲ್ಲ, ಇಳಿಯಲೂ ಇಲ್ಲ. ಡಾಕ್ಟರಮ್ಮ ಎರಡು ಸಲ ನೋಡಿ, ಟ್ಯೂಬ್ ಈಗ ಬೇಡ, ಹದಿನೈದು ದಿನ ಬಿಟ್ಟು ಬನ್ನಿ ಎಂದರು. ಬಾಯಿಂದ ತಿನ್ನುವುದನ್ನು ನಿಲ್ಲಿಸಬಾರದು, ರುಚಿ ಮರಳಲು ಆರು ತಿಂಗಳೂ ಆಗಬಹುದು ಎಂದೂ ಹೇಳಿದರು. ಅಕ್ಕು ಅವರಿಗೆ ಕೈ ಮುಗಿದಳು, ಯಾಕೋ ತೂಕದ ಯಂತ್ರಕ್ಕೂ ಮುಗಿದಳು.

ಮನೆಗೆ ಬರುವಾಗ ಆಟೋದಲ್ಲಿ ಗಿರಿಯಪ್ಪ ಹೊರಗೆ ನೋಡುತ್ತಾ ಕೇಳಿದ, "ಇವತ್ತು ಊಟಕ್ಕೆ ಎಂತ?"

"ಗಂಜಿ. ಕಾಯಿಹಾಲು ಹಾಕಿ. ಮೆತ್ತಗಿನ ನಂಗ್ ಮೀನು ಸಿಕ್ಕಿದ್ರೆ ಬೇಯಿಸಿ ಹಿಸುಕಿ ಕೊಡ್ತೇನೆ."

"ನಿನಗೆ?"

"ನನಗೆಂತ? ಬಂಗುಡೆ ಪುಳಿಮುಂಚಿ ಉಂಟು, ನಿನ್ನೆ ವಿಜೇತಾ ಮಾಡಿದ್ದು."

ಗಿರಿಯಪ್ಪ ಅವಳ ಕಡೆ ತಿರುಗಿದ.

"ನೀನು ಪುಳಿಮುಂಚಿ ತಿಂದ್ರೆ, ನನ್ನ ಬಟ್ಟಲಿನ ರುಚಿ ನನಗೆ ಯಾರು ಹೇಳುವುದು?"

ಅಕ್ಕು ಮನೆಗೆ ಬಂದವಳೇ ಪುಳಿಮುಂಚಿಯ ಪಾತ್ರೆಯನ್ನು ಸೊಸೆಯ ಕೈಗೆ ಕೊಟ್ಟು, ತನ್ನ ತಟ್ಟೆಗೂ ಗಂಜಿ ಬಡಿಸಿಕೊಂಡು ಗಂಡನ ಎದುರು ಕುಳಿತಳು. ಆ ದಿನದಿಂದ, ಅವನ ನಾಲಿಗೆ ತಾನಾಗಿಯೇ ರುಚಿ ಹೇಳುವವರೆಗೆ, ಅವಳ ಬಾಯಿಗೂ ಮೆಣಸು ತಾಗಲಿಲ್ಲ.